ಪೈಪ್ ಸ್ವೀಪ್ ಓರೆ ಗೋಡೆಗೆ ಸರಿಯಾಗಿ ಕೂರುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ, ಭೋಸರಿಯಿಂದ:

ಅಕ್ಕ, ನಮಸ್ಕಾರ. ಪುಣೆ ಹತ್ತಿರದ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಡಿಸೈನ್ ಕೆಲಸಕ್ಕೆ ಸೇರಿ ಎಂಟು ತಿಂಗಳಾಯ್ತು. ಸಾಲಿಡ್‌ವರ್ಕ್ಸ್ ಎಂಬ 3ಡಿ ಡಿಸೈನ್ ಸಾಫ್ಟ್‌ವೇರ್‌ನಲ್ಲಿ ಕೂಲಂಟ್ ಲೈನ್ (ತಂಪು ಮಾಡುವ ದ್ರವದ ಪೈಪ್) ಮಾಡುತ್ತಿದ್ದೇನೆ. ಪೈಪಿನ ಹೊರ ವ್ಯಾಸ 33.4 ಮಿ.ಮೀ. ಒಂದು ತುದಿ 114.3 ಮಿ.ಮೀ. ಹೆಡರ್ (ದಪ್ಪನೆಯ ಮುಖ್ಯ ಪೈಪ್) ಮೇಲೆ ಕೂರಬೇಕು, ಇನ್ನೊಂದು ತುದಿ ಟ್ಯಾಂಕ್ ಗೋಡೆಗೆ. ಆ ಗೋಡೆ ಲಂಬದಿಂದ 30 ಡಿಗ್ರಿ ಓರೆ, ಪೈಪ್ ಅಡ್ಡಕ್ಕೆ ನೇರ ಬರುತ್ತದೆ. ಸ್ವೀಪ್ ಮಾಡಿದರೆ, ಅಂದರೆ ಪೈಪಿನ ದುಂಡು ಆಕಾರವನ್ನು (ಪ್ರೊಫೈಲ್) ನಡುಗೆರೆಯ (ಪಾಥ್) ಗುಂಟ ಎಳೆದರೆ, ಗೋಡೆಯ ಹತ್ತಿರ ಒಂದು ಕಡೆ ಗ್ಯಾಪ್, ಇನ್ನೊಂದು ಕಡೆ ಪೈಪ್ ಒಳಗೆ ತೂರುತ್ತದೆ. ಪಾಥ್ ಉದ್ದ ಮಾಡಿದರೆ ಗ್ಯಾಪ್ ಹೋಗುತ್ತದೆ, ಆದರೆ ತೂರುವುದು ಜಾಸ್ತಿಯಾಗುತ್ತದೆ. ಆಕಾರವನ್ನು ನೇರಕ್ಕೆ ಎಳೆಯುವ ಎಕ್ಸ್‌ಟ್ರೂಡ್‌ನಲ್ಲಿ ಇರುವ ‘ಅಪ್ ಟು ಸರ್ಫೇಸ್’ (ಆರಿಸಿದ ಮುಖದವರೆಗೆ ಹೋಗಿ ನಿಲ್ಲುವ ಆಯ್ಕೆ) ಸ್ವೀಪ್‌ನಲ್ಲಿ ಯಾಕಿಲ್ಲ?

ಉತ್ತರ:

ತಮ್ಮಾ, ಪಾಥ್ ಉದ್ದವನ್ನು ಎಷ್ಟು ತಿದ್ದಿದರೂ ಇದು ಸರಿಹೋಗುವುದಿಲ್ಲ. ಪಾಥ್ ಎಲ್ಲಿ ಮುಗಿಯುತ್ತದೋ ಅಲ್ಲಿ ಸ್ವೀಪ್ ಮುಗಿಯುತ್ತದೆ, ಮುಗಿಯುವಾಗ ತುದಿಯ ಮುಖ ಪಾಥ್‌ಗೆ ಲಂಬಕೋನದಲ್ಲಿ ನಿಲ್ಲುತ್ತದೆ. ನಿನ್ನ ಗೋಡೆ ಓರೆ. ಎರಡೂ ಹೇಗೆ ಕೂಡುತ್ತವೆ?

ಎಷ್ಟು ತಪ್ಪುತ್ತದೆ ಅಂತ ಲೆಕ್ಕ ಹಾಕಿ ನೋಡು. 33.4 ಅನ್ನು ಟ್ಯಾನ್ 30ರಿಂದ ಗುಣಿಸಿದರೆ ಸುಮಾರು 19.3 ಮಿ.ಮೀ. ಅಂದರೆ ನಡುಗೆರೆಯಿಂದ ಮೇಲೆ 9.6, ಕೆಳಗೆ 9.6. ಹೆಡರ್ ಕಡೆ ಇಷ್ಟಿಲ್ಲ. ಅಲ್ಲಿ ದುಂಡು ಮೈ ಮೇಲೆ ಪೈಪ್ ಕೂರುವ ತಗ್ಗು ಸುಮಾರು 2.5 ಮಿ.ಮೀ. ಮಾತ್ರ.

ಹಾಗಾಗಿ ನಾನು ಮಾಡುವುದು ಹೀಗೆ. ಪಾಥ್ ಅನ್ನು ಗೋಡೆಯಿಂದಾಚೆ 15 ಮಿ.ಮೀ. ಮುಂದಕ್ಕೆ ಒಯ್ಯುತ್ತೇನೆ. ಹೆಡರ್ ಕಡೆ ಪ್ರೊಫೈಲ್‌ನ ಪ್ಲೇನ್ ಅನ್ನೇ 5 ಮಿ.ಮೀ. ಒಳಗೆ ಇಡುತ್ತೇನೆ. ಸ್ವೀಪ್‌ನಲ್ಲಿ ‘ಮರ್ಜ್ ರಿಸಲ್ಟ್’ ಟಿಕ್ ತೆಗೆಯಬೇಕು, ಪೈಪ್ ಟ್ಯಾಂಕ್, ಹೆಡರ್ ಜೊತೆ ಸೇರದೆ ಬೇರೆ ಬಾಡಿಯಾಗಿ ಉಳಿಯಬೇಕು. ಆಮೇಲೆ ಟ್ಯಾಂಕ್ ಗೋಡೆಯ ಹೊರಮುಖ ಆರಿಸಿ ‘ಆಫ್‌ಸೆಟ್ ಸರ್ಫೇಸ್’ ಸೊನ್ನೆ ದೂರಕ್ಕೆ ಕೊಡು, ಆ ಮುಖದ ಕಾಪಿ ಸಿಗುತ್ತದೆ. ಹೆಡರ್ ಮೈಗೂ ಹಾಗೇ ಒಂದು. ಈ ಎರಡು ಸರ್ಫೇಸ್‌ಗಳಿಂದ ‘ಕಟ್ ವಿತ್ ಸರ್ಫೇಸ್’ ಮಾಡು, ಕತ್ತರಿಸಬೇಕಾದ ಬಾಡಿ ಪೈಪ್ ಮಾತ್ರ ಅಂತ ಆರಿಸು. ನಾಳೆ ಗೋಡೆಯ ಕೋನ 30 ಹೋಗಿ 25 ಆದರೂ ಪೈಪ್ ತುದಿ ತಾನೇ ಹೊಂದಿಕೊಳ್ಳುತ್ತದೆ. ಅದಕ್ಕೇ ನನಗೆ ಈ ದಾರಿ ಇಷ್ಟ.

ಆ 15 ಮಿ.ಮೀ. ಅನ್ನು ಬೇರೆ ಗೆರೆಯಾಗಿ ಎಳೆ. ಕೊನೆಯ ಬೆಂಡಿನಿಂದ ಗೋಡೆಯವರೆಗೆ ಒಂದು ಗೆರೆ, ಅಲ್ಲಿಂದ ಅದೇ ನೇರಕ್ಕೆ ಇನ್ನೊಂದು. ಇಲ್ಲದಿದ್ದರೆ ಡ್ರಾಯಿಂಗ್‌ನಲ್ಲಿ ನಡುಗೆರೆಯ ಉದ್ದ 15 ಮಿ.ಮೀ. ಜಾಸ್ತಿ ಬರುತ್ತದೆ. ನಾನು ಕೆಲಸ ಕಲಿಯುವಾಗ ಹೀಗೇ ಆಗಿ, ಒಂದು ಲಾಟ್ ಪೈಪ್ ತಪ್ಪು ಅಳತೆಗೆ ಕತ್ತರಿಸಿ ಬಂದಿತ್ತು. ಫ್ಯಾಬ್ರಿಕೇಟರ್‌ನದ್ದು ತಪ್ಪಿರಲಿಲ್ಲ, ನನ್ನ ಡ್ರಾಯಿಂಗ್‌ನದ್ದು. ಇವತ್ತಿಗೂ ಬೇಜಾರಾಗುತ್ತದೆ. ಕತ್ತರಿಸುವವರಿಗೆ ಓರೆ ತುದಿಯ ಉದ್ದ ಬದಿಯ ಅಳತೆಯನ್ನೂ ಕೊಡು.

ಇನ್ನೊಂದು ಆಯ್ಕೆ ಅಲ್ಲೇ ಇದೆ, ‘ಅಲೈನ್ ವಿತ್ ಎಂಡ್ ಫೇಸಸ್’. ಪಾಥ್ ಮುಟ್ಟುವ ಕೊನೆಯ ಮುಖದವರೆಗೆ ಪ್ರೊಫೈಲ್ ಅನ್ನು ತಾನೇ ಎಳೆಯುತ್ತದೆ ಇಲ್ಲವೇ ಕತ್ತರಿಸುತ್ತದೆ. ಸುಲಭದ ಜಾಗಕ್ಕೆ ಸಾಕು. ‘ಕೀಪ್ ನಾರ್ಮಲ್ ಕಾನ್‌ಸ್ಟಂಟ್’ ಮಾತ್ರ ಇಲ್ಲಿ ಬೇಡ. ತುದಿ ಮುಖ ಮೊದಲ ಪ್ರೊಫೈಲ್‌ಗೆ ಸಮಾನಾಂತರ ಆಗುತ್ತದೆ ನಿಜ, ಆದರೆ ಬೆಂಡಿನಲ್ಲಿ ಪೈಪ್ ಸಪೂರವಾಗುತ್ತದೆ.

ಚಾಕಣದಿಂದ ಇನ್ನೊಬ್ಬರು:

ನಾವು ಕ್ಯಾಟಿಯಾ ಎಂಬ ಇನ್ನೊಂದು ಡಿಸೈನ್ ಸಾಫ್ಟ್‌ವೇರ್ ಬಳಸುತ್ತೇವೆ. ಅದರಲ್ಲಿ ಸ್ವೀಪ್‌ನಂಥದ್ದೇ ಆದ ರಿಬ್‌ನಲ್ಲಿ ‘ಮರ್ಜ್ ರಿಬ್ಸ್ ಎಂಡ್ಸ್’ ಟಿಕ್ ಮಾಡಿದರೆ ಇರುವ ಮೆಟೀರಿಯಲ್‌ವರೆಗೆ ಹೋಗಿ ನಿಲ್ಲುತ್ತದೆ. ಸರ್ಫೇಸ್ ಸ್ವೀಪ್ ಆದರೆ ‘ರೀಲಿಮಿಟರ್’ ಜಾಗದಲ್ಲಿ ಪಾಯಿಂಟ್ ಅಥವಾ ಪ್ಲೇನ್ ಕೊಡಬಹುದು. ಫ್ಯೂಷನ್ ಸಾಫ್ಟ್‌ವೇರ್‌ನಲ್ಲಿ ಪಾಥ್‌ನ ಎಷ್ಟು ಭಾಗ ಬೇಕು ಅಂತ 0ರಿಂದ 1ರೊಳಗೆ ಅಂಕಿ ಕೊಟ್ಟರೆ ಅಲ್ಲಿಗೆ ನಿಲ್ಲುತ್ತದೆ.

ಉತ್ತರ:

ಹೌದು ಸರ್, ಕ್ಯಾಟಿಯಾದ ಆ ಟಿಕ್ ತುಂಬಾ ಒಳ್ಳೆಯದು. ಫ್ಯೂಷನ್‌ನ ಅಂಕಿ ಮಾತ್ರ ಉದ್ದವನ್ನಷ್ಟೇ ಹಿಡಿಯುತ್ತದೆ. ಓರೆ ಗೋಡೆಗೆ ಅಲ್ಲೂ ಕೊನೆಗೆ ಕತ್ತರಿಸಲೇಬೇಕು.

ಮರುಪ್ರಶ್ನೆ:

ಅಕ್ಕ, ಹೆಡರ್ ಕಡೆ ಚೆನ್ನಾಗಿ ಕೂತಿತು. ಟ್ಯಾಂಕ್ ಕಡೆ ಕಟ್ ಆಗುತ್ತಲೇ ಇಲ್ಲ, ಎರರ್ ಬರುತ್ತಿದೆ. ಗೋಡೆಯಲ್ಲಿ ನೀರು ಹೋಗುವ ತೂತು ಮೊದಲೇ ಮಾಡಿದ್ದೆ, ಅದರಿಂದಲೇನಾ?

ಉತ್ತರ:

ಅದರಿಂದಲೇ! ಗೋಡೆಯ ಮುಖ ಕಾಪಿಯಾದಾಗ ತೂತೂ ಜೊತೆಗೇ ಬಂತು. ಪೈಪ್ ಸರಿಯಾಗಿ ಆ ತೂತಿರುವ ಜಾಗಕ್ಕೇ ಬರುತ್ತದೆ, ಅಲ್ವಾ? ಅಲ್ಲಿ ಸರ್ಫೇಸ್ ಇಲ್ಲದಿದ್ದರೆ ಪೂರ್ತಿ ಅಡ್ಡ ಕತ್ತರಿಸುವುದು ಹೇಗೆ? ಫೀಚರ್ ಟ್ರೀಯಲ್ಲಿ (ಮಾಡಿದ ಹಂತಗಳ ಪಟ್ಟಿ) ಆಫ್‌ಸೆಟ್ ಸರ್ಫೇಸ್ ಅನ್ನು ತೂತಿಗಿಂತ ಮೇಲಕ್ಕೆ ಎಳೆ. ತೂತು ಕೊನೆಗೆ ಬರಲಿ, ಪೈಪಿನ ಒಳ ವ್ಯಾಸಕ್ಕೇ ಕಟ್ಟಿ ಹಾಕು. ಹೆಡರ್ ತೂತೂ ಹಾಗೇ.

ಪೈಪ್ ಗೋಡೆಯ ಹೊರಗೆ ನಿಲ್ಲಬೇಕಾ ಅಥವಾ ಪ್ಲೇಟ್ ಒಳಗೆ ತೂರಿ ವೆಲ್ಡ್ ಮಾಡುತ್ತಾರಾ ಅಂತ ವೆಲ್ಡರ್ ಅವರನ್ನು ಒಮ್ಮೆ ಕೇಳು. ತೂರಿಸುವುದಾದರೆ ಸರ್ಫೇಸ್ ಒಳಮುಖದಿಂದ ತೆಗೆಯಬೇಕು. ಆಗ 15 ಮಿ.ಮೀ. ಸಾಲುವುದಿಲ್ಲ, ಪ್ಲೇಟ್ ದಪ್ಪವನ್ನೂ ಸೇರಿಸಿಕೋ. ತೂತು ಕೂಡ ಪೈಪಿನ ಹೊರ ವ್ಯಾಸಕ್ಕಿಂತ ಸ್ವಲ್ಪ ದೊಡ್ಡದಿರಬೇಕು.

ಮರುಪ್ರಶ್ನೆ:

ಮೇಲಕ್ಕೆ ಎಳೆದೆ ಅಕ್ಕ, ಕಟ್ ಆಯ್ತು! ಕೋನ 25 ಮಾಡಿ ನೋಡಿದೆ, ತುದಿ ಜೊತೆಗೇ ತಿರುಗಿತು. ವೆಲ್ಡರ್ ಕಾಕಾ ನಾಳೆ ಬರುತ್ತಾರೆ, ಕೇಳಿ ತಿಳಿಸುತ್ತೇನೆ.