ಹಳೆಯ 1612 ಲಾರಿಯ ಎಂಜಿನ್ ಬಿಚ್ಚುವಾಗ ಅಶ್ವಶಕ್ತಿ ಹೆಚ್ಚಿಸಿಕೊಳ್ಳಬಹುದೇ? ಬಲ್ಲವರು ತಮ್ಮ ಅನುಭವ ತಿಳಿಸಿ

ಕೇಳಿದವರು: ಹೊಸನಗರ ತಾಲ್ಲೂಕಿನ ಲಾರಿ ಮಾಲೀಕರು

ನನ್ನದು ಟಾಟಾ 1612 ಲಾರಿ, ಟರ್ಬೊ (ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವ ಸಾಧನ) ಇಲ್ಲದ 697 ಎಂಜಿನ್ನು. ಶಿವಮೊಗ್ಗದಿಂದ ಅಕ್ಕಿ ಹೇರಿಕೊಂಡು ಕುಂದಾಪುರಕ್ಕೆ ಇಳಿಯುವುದು, ಅಲ್ಲಿಂದ ಹೆಂಚು ತುಂಬಿಕೊಂಡು ಹೊಸಂಗಡಿಯ ಮೇಲೆ ಹುಲಿಕಲ್ ಘಾಟಿ ಹತ್ತಿ ಬರುವುದು ಮಾಮೂಲು ಬಾಡಿಗೆ. ಕಳೆದ ಒಂದು ವರ್ಷದಿಂದ ಗಾಡಿ ಏರಿನಲ್ಲಿ ಸೋಲುತ್ತಿದೆ. ಎಂಜಿನ್ನಿನ ಕೆಳಭಾಗದ ಗಾಳಿ ಹೊರಬರುವ ಬ್ರೀದರ್ ಪೈಪಿನಲ್ಲಿ ಹೊಗೆ ಬರುತ್ತದೆ, ಆಯಿಲ್ ಕೂಡ ಕುಡಿಯುತ್ತಿದೆ. ಮಳೆ ಹಿಡಿಯುವ ಮೊದಲು ಎಂಜಿನ್ ಬಿಚ್ಚಿಸುವುದೆಂದು ನಿಶ್ಚಯಿಸಿದ್ದೇನೆ. ಹೇಗೂ ಬಿಚ್ಚುತ್ತೇವಲ್ಲ, ಅದರ ಜೊತೆಯಲ್ಲೇ ಇಪ್ಪತ್ತು ಎಚ್.ಪಿ. ಹೆಚ್ಚಿಗೆ ಬರುವಂತೆ ಮಾಡಿಸಿಕೊಳ್ಳಬಹುದೇ ಎಂಬುದು ನನ್ನ ಪ್ರಶ್ನೆ. ಒಬ್ಬರು ದೊಡ್ಡ ಪಿಸ್ಟನ್ ಹಾಕಿಸಿ ಎನ್ನುತ್ತಾರೆ, ಇನ್ನೊಬ್ಬರು ಡೀಸೆಲ್ ಹೆಚ್ಚು ಬರುವಂತೆ ಪಂಪು ಏರಿಸಿ ಎನ್ನುತ್ತಾರೆ, ಮತ್ತೊಬ್ಬರು ಟರ್ಬೊ ಕೂರಿಸಿ ಎನ್ನುತ್ತಾರೆ. ಮಾಡಿಸಿ ನೋಡಿದವರು ತಿಳಿಸಬೇಕಾಗಿ ವಿನಂತಿ.

ಶಿವಮೊಗ್ಗದ ಎಂಜಿನ್ ಮೇಸ್ತ್ರಿಯೊಬ್ಬರು

ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಮೊದಲು ಪಿಸ್ಟನ್ನಿನ ವಿಷಯವನ್ನು ಮುಗಿಸಿಬಿಡೋಣ. 697 ಎಂಬ ಹೆಸರಿನಲ್ಲೇ ಅದರ ಅಳತೆ ಇದೆ: ಆರು ಸಿಲಿಂಡರು, 97 ಮಿ.ಮೀ. ಬೋರು (ಸಿಲಿಂಡರಿನ ಒಳ ಅಗಲ). ಸ್ಟ್ರೋಕು, ಅಂದರೆ ಪಿಸ್ಟನ್ ಚಲಿಸುವ ದೂರ, 128 ಮಿ.ಮೀ.; ಒಟ್ಟು 5675 ಸಿ.ಸಿ. ಬೋರನ್ನು ಅರ್ಧ ಮಿಲಿಮೀಟರು ದೊಡ್ಡದು ಮಾಡಿಸಿದರೆ ಸಿಗುವ ಹೆಚ್ಚಳ ಸುಮಾರು 59 ಸಿ.ಸಿ., ಅಂದರೆ ನೂರಕ್ಕೆ ಒಂದು. 120 ಎಚ್.ಪಿ. ಎಂಜಿನ್ನಿನಲ್ಲಿ ಅದು ಒಂದು ಎಚ್.ಪಿ.ಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಓವರ್‌ಸೈಜ್ ಪಿಸ್ಟನ್ ಹಾಕುವುದು ಸವೆದ ಬೋರನ್ನು ಸರಿಪಡಿಸಲಿಕ್ಕೇ ಹೊರತು ಬಲ ಹೆಚ್ಚಿಸಲಿಕ್ಕಲ್ಲ.

ಇನ್ನು ನಿಮ್ಮ ಎಂಜಿನ್ನು ಸೋಲುತ್ತಿರುವುದಕ್ಕೆ ಕಾರಣವನ್ನು ನೀವೇ ಬರೆದಿದ್ದೀರಿ. ಬ್ರೀದರಿನಲ್ಲಿ ಹೊಗೆ ಬರುತ್ತಿದೆ ಎಂದರೆ ಪಿಸ್ಟನ್ನಿನ ಮೇಲೆ ಕೆಲಸ ಮಾಡಬೇಕಾದ ಒತ್ತಡವು ರಿಂಗುಗಳ ಪಕ್ಕದಿಂದ ಕೆಳಗೆ ಸೋರುತ್ತಿದೆ. ಇಂಥ ಗಾಡಿಗಳಲ್ಲಿ ಕಂಪನಿ ಕೊಟ್ಟ ಬಲದ ಐದನೆಯ ಒಂದು ಪಾಲು ಕಳೆದುಹೋಗಿದ್ದರೂ ನನಗೆ ಆಶ್ಚರ್ಯವಾಗುವುದಿಲ್ಲ. ಹೀಗಾಗಿ ನೀವು ಕೇಳುತ್ತಿರುವ ಇಪ್ಪತ್ತು ಎಚ್.ಪಿ. ಒಂದು ಕಾಲಕ್ಕೆ ಈ ಎಂಜಿನ್ನಿನಲ್ಲೇ ಇತ್ತು. ಅದನ್ನು ಮರಳಿ ಪಡೆಯುವ ಕೆಲಸವನ್ನು ಅರೆಬರೆ ಮಾಡಿಸಿ, ಹೊರಗಿನಿಂದ ಇಪ್ಪತ್ತು ತರಲು ಹೊರಡುವವರನ್ನು ನಾನು ಬಹಳ ಕಂಡಿದ್ದೇನೆ.

ಲೇತಿನವರ ಬಳಿ ನಿಂತು ಮಾಡಿಸಿಕೊಳ್ಳಬೇಕಾದ ಕೆಲಸಗಳು ಕೆಲವಿವೆ. ಬೋರ್ ಹೊಡೆದ ಮೇಲೆ ಹೋನಿಂಗ್ (ಕಲ್ಲಿನಿಂದ ಉಜ್ಜುವ) ಗೆರೆಗಳು ಒಂದರ ಮೇಲೊಂದು ಅಡ್ಡಡ್ಡ ಹಾಯ್ದಿರುವುದು ಬೆಳಕಿಗೆ ಹಿಡಿದರೆ ಕಾಣಬೇಕು. ನುಣ್ಣಗೆ ಕನ್ನಡಿಯಂತಾದ ಬೋರಿನಲ್ಲಿ ಆಯಿಲ್ ನಿಲ್ಲುವುದಿಲ್ಲ, ರಿಂಗುಗಳೂ ಕೂರುವುದಿಲ್ಲ. ಪ್ರತಿಯೊಂದು ರಿಂಗನ್ನೂ ಅದರದೇ ಸಿಲಿಂಡರಿನೊಳಗೆ ನೇರವಾಗಿ ತಳ್ಳಿ ಫೀಲರ್ ಗೇಜಿನಿಂದ ಬಾಯಿಯ ಸಂದನ್ನು ಅಳೆಯಬೇಕು. ಪೆಟ್ಟಿಗೆಯಿಂದ ತೆಗೆದದ್ದನ್ನು ತೆಗೆದ ಹಾಗೆಯೇ ತೊಡಿಸುವವರು ಇದ್ದಾರೆ, ಅಂಥವರ ಕೈಗೆ ಕೊಡಬೇಡಿ. ಹೆಡ್ಡಿನಲ್ಲಿ ಸೀಟು ಕಡಿದು ಕಡಿದು ವಾಲ್ವು ಒಳಕ್ಕೆ ಕುಸಿದಿದ್ದರೆ ಕಂಪ್ರೆಷನ್ (ಸಿಲಿಂಡರಿನಲ್ಲಿ ಗಾಳಿ ಒತ್ತಿಕೊಳ್ಳುವುದು) ಕಡಿಮೆಯಾಗುತ್ತದೆ. ಆಗ ಮತ್ತೆ ಉಜ್ಜುವ ಬದಲು ಹೊಸ ಸೀಟನ್ನೇ ಕೂರಿಸಬೇಕು. ಕಂಪ್ರೆಷನ್ ಏರಲಿ ಎಂದು ಹೆಡ್ಡನ್ನು ಬೇಕೆಂದೇ ಹೆಚ್ಚು ಫೇಸಿಂಗ್ ಮಾಡಿಸುವ (ತಳ ಕೆತ್ತಿಸುವ) ಉಪಾಯವನ್ನು ಯಾರಾದರೂ ಹೇಳಿದರೆ ಕೇಳಬೇಡಿ, ಏಕೆಂದರೆ ಡೀಸೆಲ್ ಎಂಜಿನ್ನಿನಲ್ಲಿ ಪಿಸ್ಟನ್ನಿಗೂ ವಾಲ್ವಿಗೂ ನಡುವೆ ಇರುವ ಜಾಗವೇ ಅತ್ಯಲ್ಪ. ಎಲ್ಲ ಜೋಡಿಸಿದ ಮೇಲೆ ಆರೂ ಸಿಲಿಂಡರುಗಳ ಕಂಪ್ರೆಷನ್ ಅಳೆಸಿ ಬರೆದಿಟ್ಟುಕೊಳ್ಳಿ. ಅವುಗಳ ನಡುವಿನ ವ್ಯತ್ಯಾಸ ನೂರಕ್ಕೆ ಹತ್ತನ್ನು ಮೀರಬಾರದು.

ಭದ್ರಾವತಿಯ ನಿವೃತ್ತ ಮೆಕ್ಯಾನಿಕಲ್ ಉಪನ್ಯಾಸಕರು

ಮೇಸ್ತ್ರಿಯವರು ಅನುಭವದಿಂದ ಹೇಳಿದ್ದನ್ನು ಲೆಕ್ಕದಿಂದಲೂ ನೋಡಬಹುದು. ಘಾಟಿಯ ಏರು ಎಲ್ಲ ಕಡೆಯೂ ಒಂದೇ ಸಮನಾಗಿರುವುದಿಲ್ಲವಾದರೂ, ನೂರು ಮೀಟರಿಗೆ ಏಳು ಮೀಟರು ಏರುವ ಹತ್ತು ಕಿಲೋಮೀಟರು ದಾರಿ ಎಂದು ಇಟ್ಟುಕೊಳ್ಳೋಣ. ಲಾರಿ ಮತ್ತು ಹೇರು ಸೇರಿ 16 ಟನ್ನು. ಗೇರ್ ಬಾಕ್ಸು, ಹೌಸಿಂಗು (ಹಿಂದಿನ ಚಕ್ರಗಳ ನಡುವಿನ ಗೇರು ಪೆಟ್ಟಿಗೆ) ಇವುಗಳಲ್ಲಿ ನೂರಕ್ಕೆ ಹನ್ನೆರಡು ಪಾಲು ಬಲ ವ್ಯಯವಾಗುತ್ತದೆ, ಟೈರು ಉರುಳುವ ತಡೆ ತೂಕದ ನೂರಕ್ಕೆ ಒಂದು ಪಾಲು ಎಂದೂ ಹಿಡಿಯೋಣ. 96 ಎಚ್.ಪಿ.ಗೆ ಇಳಿದಿರುವ ಸವೆದ ಎಂಜಿನ್ನು ಈ ಗಾಡಿಯನ್ನು ಗಂಟೆಗೆ ಸುಮಾರು 18 ಕಿಲೋಮೀಟರು ವೇಗದಲ್ಲಿ ಹತ್ತಿಸುತ್ತದೆ. ಹತ್ತು ಕಿಲೋಮೀಟರಿಗೆ 34 ನಿಮಿಷ ಬೇಕು. ಅದೇ ಎಂಜಿನ್ನು ರಿಪೇರಿಯಾಗಿ 120ಕ್ಕೆ ಮರಳಿದರೆ 27 ನಿಮಿಷ ಸಾಕು. ಅದರ ಮೇಲೆ ಇನ್ನೂ ಇಪ್ಪತ್ತು ಕೂಡಿಸಿ 140 ಮಾಡಿದರೆ 23 ನಿಮಿಷ. ಕಳೆದದ್ದನ್ನು ಮರಳಿ ಪಡೆದರೆ ಏಳು ನಿಮಿಷ ಉಳಿಯಿತು, ಹೊಸದಾಗಿ ಗಳಿಸಿದರೆ ನಾಲ್ಕು ನಿಮಿಷ ಉಳಿಯಿತು. ಆ ನಾಲ್ಕು ನಿಮಿಷಕ್ಕೆ ಎಷ್ಟು ಹಣ ಕೊಡಬಹುದೆಂಬುದನ್ನು ಮಾಲೀಕರೇ ತೀರ್ಮಾನಿಸಬೇಕು.

ಗಾಳಿಯ ಬಗ್ಗೆಯೂ ಒಂದು ಮಾತು. ಟರ್ಬೊ ಇಲ್ಲದ ಎಂಜಿನ್ನು ಸುತ್ತಲಿನ ಗಾಳಿಯನ್ನು ಇದ್ದಂತೆಯೇ ಎಳೆದುಕೊಳ್ಳುತ್ತದೆ. ಶಿವಮೊಗ್ಗ ಸಮುದ್ರಮಟ್ಟದಿಂದ ಸುಮಾರು 570 ಮೀಟರು ಎತ್ತರದಲ್ಲಿದೆ. ಇಲ್ಲಿನ ಗಾಳಿ ಕುಂದಾಪುರದ ಗಾಳಿಗಿಂತ ನೂರಕ್ಕೆ ಐದರಷ್ಟು ತೆಳುವು. ಅದನ್ನು ನಾವು ಬದಲಿಸಲಾರೆವು. ಆದರೆ ಒಳಗೆ ಹೋಗುವ ಗಾಳಿ ಹತ್ತು ಡಿಗ್ರಿ ಬಿಸಿಯಾದರೆ ಅದರ ಸಾಂದ್ರತೆ ಮತ್ತೆ ನೂರಕ್ಕೆ ಮೂರರಷ್ಟು ಇಳಿಯುತ್ತದೆ. ಇದು ನಮ್ಮ ಕೈಯಲ್ಲಿದೆ. ಏರ್ ಫಿಲ್ಟರಿನ ಕೊಳವೆ ಒಡೆದು ಅಥವಾ ಕಳಚಿ ಎಂಜಿನ್ನಿನ ಬಿಸಿಗಾಳಿಯನ್ನೇ ಎಳೆಯುತ್ತಿರುವ ಹಳೆಯ ಲಾರಿಗಳು ಎಷ್ಟೋ ಇವೆ. ಕೊಳವೆಯನ್ನು ಮೊದಲಿದ್ದಂತೆ ಹೊರಗಿನ ತಣ್ಣನೆಯ ಗಾಳಿಗೆ ಬಾಯಿ ಬರುವಂತೆ ಕಟ್ಟಿಸಿ, ಫಿಲ್ಟರನ್ನು ಬದಲಾಯಿಸಿದರೆ ಕೆಲವು ನೂರು ರೂಪಾಯಿಗಳಲ್ಲಿ ನಾಲ್ಕೈದು ಎಚ್.ಪಿ. ಬಂದಂತೆ.

ತೀರ್ಥಹಳ್ಳಿಯ ಲಾರಿ ಮಾಲೀಕರೊಬ್ಬರು

ಪಂಪು ಏರಿಸಿ ಕೆಟ್ಟವನು ನಾನು, ಆದ್ದರಿಂದ ಬರೆಯುತ್ತಿದ್ದೇನೆ. ಎಂಜಿನ್ ಕೆಲಸ ಮುಗಿದ ವಾರದಲ್ಲೇ ಊರ ಹೆಸರು ಹೇಳಬೇಕಾಗಿಲ್ಲದ ಒಂದು ಗ್ಯಾರೇಜಿನಲ್ಲಿ ಪಂಪಿನ ಸ್ಕ್ರೂ ತಿರುಗಿಸಿ ಡೀಸೆಲ್ ಹೆಚ್ಚಿಸಿಕೊಟ್ಟರು. ಮೊದಲ ದಿನ ಗಾಡಿ ಹಾರಿತು ಎಂದೇ ಹೇಳಬೇಕು. ನನ್ನ ಡ್ರೈವರು ಸಂತೋಷದಿಂದ ಫೋನ್ ಮಾಡಿದ್ದ. ಹಿಂದೆ ಬರುವ ಬೈಕಿನವರಿಗೆ ರಸ್ತೆ ಕಾಣದಷ್ಟು ಕಪ್ಪು ಹೊಗೆ ಬರುತ್ತಿತ್ತು, ಅದನ್ನು ನಾವು ಬಲದ ಗುರುತು ಎಂದುಕೊಂಡೆವು. ಒಂದೂವರೆ ತಿಂಗಳಿಗೆ ಆಯಿಲ್ ನೀರಿನಂತೆ ತೆಳುವಾಗಿತ್ತು, ಮೂಸಿದರೆ ಡೀಸೆಲ್ ವಾಸನೆ. ಮೂರನೆಯ ತಿಂಗಳು ಘಾಟಿಯ ಏರಿನಲ್ಲೇ ಎಂಜಿನ್ ಹಿಡಿದುಕೊಂಡಿತು. ಬಿಚ್ಚಿ ನೋಡಿದರೆ ನಾಲ್ಕನೆಯ ಪಿಸ್ಟನ್ನಿನ ತಲೆ ಕರಗಿತ್ತು. ಎರಡನೆಯ ಸಲದ ಖರ್ಚು ಮೊದಲನೆಯದಕ್ಕಿಂತ ಹೆಚ್ಚಾಯಿತು, ಹೇರಿದ್ದ ಅಡಿಕೆಯನ್ನು ಬೇರೆ ಲಾರಿಗೆ ಬದಲಾಯಿಸಿದ ಕೂಲಿ ಬೇರೆ.

ಶಿವಮೊಗ್ಗದ ಪಂಪ್ ಕ್ಯಾಲಿಬ್ರೇಷನ್ ಕೆಲಸದವರು

ಮೇಲಿನವರಿಗೆ ಆದದ್ದು ಏಕೆಂದು ವಿವರಿಸುತ್ತೇನೆ. ಡೀಸೆಲ್ ಎಂಜಿನ್ನಿನಲ್ಲಿ ಬಲವನ್ನು ಹೆಚ್ಚು ಕಡಿಮೆ ಮಾಡುವುದು ಡೀಸೆಲ್ಲಿನ ಪ್ರಮಾಣವೇ ಹೌದು, ಆದರೆ ಅದು ಉರಿಯಲು ಗಾಳಿ ಬೇಕು. ಟರ್ಬೊ ಇಲ್ಲದಿದ್ದರೆ ಗಾಳಿಗೆ ಮಿತಿಯಿದೆ. ಆ ಮಿತಿ ದಾಟಿ ಚಿಮ್ಮಿಸಿದ ಡೀಸೆಲ್ಲಿನ ಒಂದು ಭಾಗ ಕಪ್ಪು ಹೊಗೆಯಾಗಿ ಹೋಗುತ್ತದೆ, ಒಂದು ಭಾಗ ತಡವಾಗಿ ಉರಿದು ಪಿಸ್ಟನ್ನನ್ನೂ ಎಕ್ಸಾಸ್ಟ್ ವಾಲ್ವನ್ನೂ ಸುಡುತ್ತದೆ, ಉಳಿದದ್ದು ಬೋರಿನ ಗೋಡೆಯ ಆಯಿಲನ್ನು ತೊಳೆದು ಕೆಳಗಿನ ಆಯಿಲಿಗೆ ಬೆರೆಯುತ್ತದೆ.

ಹಾಗೆಂದು ಪಂಪನ್ನು ಮುಟ್ಟದೆ ಬಿಡಬೇಕೆಂದಲ್ಲ. ಎಂಜಿನ್ ಬಿಚ್ಚುವಾಗ ಪಂಪೂ ನಾಝಲ್‌ಗಳೂ ಟೆಸ್ಟ್ ಬೆಂಚಿಗೆ ಬರಲೇಬೇಕು. ನಮ್ಮಲ್ಲಿಗೆ ಬರುವ ಹಳೆಯ ಪಂಪುಗಳಲ್ಲಿ ಒಂದೊಂದು ಸಿಲಿಂಡರಿಗೆ ಡೀಸೆಲ್ ತಳ್ಳುವ ಪ್ಲಂಜರುಗಳಲ್ಲಿ ಒಂದು ಹೆಚ್ಚು, ಇನ್ನೊಂದು ಕಡಿಮೆ ಕೊಡುತ್ತಿರುವುದೇ ಸಾಮಾನ್ಯ. ಹೆಚ್ಚು ಸಿಗುವ ಸಿಲಿಂಡರು ಹೊಗೆ ಉಗುಳುತ್ತದೆ, ಕಡಿಮೆ ಸಿಗುವುದು ದುಡಿಯುವುದಿಲ್ಲ. ಆರನ್ನೂ ಸಮ ಮಾಡಿ, ಚಿಮ್ಮುವ ಸಮಯ 60 ಡಿಗ್ರಿಗೊಮ್ಮೆ ಸರಿಯಾಗಿ ಬರುವಂತೆ ಕೂರಿಸಿ, ಹೊಸ ನಾಝಲ್ ಹಾಕಿ, ಕಂಪನಿ ಹೇಳಿದ ಒತ್ತಡಕ್ಕೆ ಕಟ್ಟಿದರೆ ಹೊಗೆ ಕಡಿಮೆಯಾಗಿ ಬಲ ಹೆಚ್ಚುತ್ತದೆ. ಗಾಡಿಗೆ ಮರಳಿ ಕೂರಿಸುವಾಗ ಟೈಮಿಂಗನ್ನು ಕಿವಿಯಿಂದ ಕೇಳಿ ಇಡುವ ಬದಲು ಗುರುತಿನ ಪ್ರಕಾರವೇ ಇಡಿಸಿ. ಇನ್ನೊಂದು: ಮಳೆಗಾಲದಲ್ಲಿ ಟ್ಯಾಂಕಿನೊಳಗೆ ನೀರು ಸೇರುವುದು ನಮ್ಮ ಕಡೆ ಹೆಚ್ಚು. ಹೊಸ ನಾಝಲ್ ಕೂಡ ಆ ನೀರಿಗೆ ಒಂದೇ ಮಳೆಗಾಲದಲ್ಲಿ ಹಾಳಾಗಬಹುದು. ಟ್ಯಾಂಕು ಇಳಿಸಿ ತೊಳೆಸಿ.

ಸಾಗರದ ಸಾಗಣೆದಾರರು

ಟರ್ಬೊ ಹಾಕಿಸಿದ ಅನುಭವ ನನಗಿದೆ. ಕೆಲಸ ಸರಿಯಾಗಿ ಆದರೆ ವ್ಯತ್ಯಾಸ ನಿಜವಾಗಿಯೂ ದೊಡ್ಡದು, ಅದನ್ನು ಅಲ್ಲಗಳೆಯಲಾರೆ. ಆದರೆ ಅದು ಟರ್ಬೊ ಒಂದನ್ನು ತಂದು ಬೋಲ್ಟು ಬಿಗಿಯುವ ಕೆಲಸವಲ್ಲ. ಪಿಸ್ಟನ್ನುಗಳು ಟರ್ಬೊ ಎಂಜಿನ್ನಿನವೇ ಆಗಬೇಕು, ಮ್ಯಾನಿಫೋಲ್ಡು ಬದಲಾಗಬೇಕು, ಪಂಪಿನ ಸೆಟ್ಟಿಂಗ್ ಬೇರೆ, ಟರ್ಬೊಗೆ ಆಯಿಲ್ ಹೋಗಿ ಬರುವ ಪೈಪುಗಳು ಬೇಕು, ರೇಡಿಯೇಟರು ಆ ಶಾಖವನ್ನು ತಾಳುವಂತಿರಬೇಕು. ಇಷ್ಟನ್ನೂ ಬಿಡಿಬಿಡಿಯಾಗಿ ಕೊಳ್ಳುವುದಕ್ಕಿಂತ ಒಂದು ಒಳ್ಳೆಯ 697 ಟರ್ಬೊ ಎಂಜಿನ್ನನ್ನೇ ಪೂರ್ತಿಯಾಗಿ ತಂದು ಕೂರಿಸುವುದು ಅಗ್ಗವಾಗುತ್ತಿತ್ತೆಂದು ನನಗೆ ಆಮೇಲೆ ಹೊಳೆಯಿತು. ಘಾಟಿ ಹತ್ತಿದ ಕೂಡಲೇ ಎಂಜಿನ್ ಆರಿಸದೆ ಒಂದೆರಡು ನಿಮಿಷ ಸುಮ್ಮನೆ ಓಡಲು ಬಿಡಬೇಕೆಂಬ ಶಿಸ್ತು ಡ್ರೈವರಿಗೆ ಬರಬೇಕು. ಮಾಸ್ತಿಕಟ್ಟೆಯಲ್ಲಿ ಚಹದ ಅಂಗಡಿ ಕಂಡೊಡನೆ ಕೀಲಿ ತಿರುಗಿಸುವ ಅಭ್ಯಾಸದವನು ನನ್ನ ಮೊದಲ ಟರ್ಬೊವನ್ನು ಮುಗಿಸಿದ.

ಕಾಗದಪತ್ರದ ವಿಷಯವನ್ನೂ ಮರೆಯಬೇಡಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ಎಂಜಿನ್ ಬದಲಾವಣೆಗೆ ಆರ್‌ಟಿಒ ಕಚೇರಿಯ ಒಪ್ಪಿಗೆ ಬೇಕು. ಒಪ್ಪಿಗೆಯಿಲ್ಲದೆ ಬದಲಾಯಿಸಿದ್ದರೆ 14 ದಿನಗಳೊಳಗೆ ತಿಳಿಸಬೇಕು. ಆರ್‌ಸಿಯಲ್ಲಿ ಒಂದು ನಂಬರು, ಬ್ಲಾಕಿನಲ್ಲಿ ಇನ್ನೊಂದು ನಂಬರು ಇದ್ದರೆ ಎಫ್‌ಸಿ (ಫಿಟ್‌ನೆಸ್ ಪತ್ರ) ಸಮಯದಲ್ಲೂ ವಿಮೆಯ ಸಮಯದಲ್ಲೂ ತೊಂದರೆಯಾಗುತ್ತದೆ.

ಹೊಸನಗರದ ಹಿರಿಯ ಡ್ರೈವರು

ಎಲ್ಲರೂ ಎಂಜಿನ್ನಿನ ಬಗ್ಗೆಯೇ ಬರೆದಿದ್ದೀರಿ, ಹೌಸಿಂಗಿನ ಕಡೆಗೆ ಯಾರೂ ನೋಡಲಿಲ್ಲ. ಅದರೊಳಗಿನ ದೊಡ್ಡ ಗೇರಾದ ಕ್ರೌನಿನಲ್ಲಿ 41 ಹಲ್ಲು, ಅದನ್ನು ತಿರುಗಿಸುವ ಪಿನಿಯನ್ನಿನಲ್ಲಿ 7 ಹಲ್ಲು ಇರುವ ಜೋಡಿಯ ಬದಲು 41ಕ್ಕೆ 6ರ ಜೋಡಿ ಇದ್ದರೆ ಎಲ್ಲ ಗೇರುಗಳಲ್ಲೂ ಎಳೆತ ನೂರಕ್ಕೆ ಹದಿನಾರು ಹದಿನೇಳರಷ್ಟು ಹೆಚ್ಚುತ್ತದೆ. ಎಚ್.ಪಿ. ಇದ್ದಷ್ಟೇ ಇರುತ್ತದೆ, ಬಯಲಿನಲ್ಲಿ ವೇಗ ತಗ್ಗುತ್ತದೆ, ಆದರೆ ತಿರುವಿನಲ್ಲಿ ಗಾಡಿ ಉಸಿರು ಕಟ್ಟುವುದಿಲ್ಲ, ಕ್ಲಚ್ಚಿನ ಪ್ಲೇಟೂ ಉಳಿಯುತ್ತದೆ. ದಾವಣಗೆರೆ, ಬೆಂಗಳೂರು ಎಂದು ಓಡುವ ಗಾಡಿಗೆ ಇದು ಬೇಡ. ಘಾಟಿಯಲ್ಲೇ ಬದುಕುವ ಗಾಡಿಗೆ ಒಪ್ಪುತ್ತದೆ. ನಿಮ್ಮ ಹೌಸಿಂಗಿನಲ್ಲಿ ಈಗ ಯಾವ ಜೋಡಿ ಇದೆಯೆಂದು ಮೊದಲು ಹಲ್ಲು ಎಣಿಸಿ ನೋಡಿ. ಮತ್ತೆ, ಹತ್ತುವ ಬಲದ ಲೆಕ್ಕ ಹಾಕುವಾಗ ಅಕ್ಕಿ ಹೇರಿಕೊಂಡು ಅದೇ ಘಾಟಿಯನ್ನು ಇಳಿಯುವುದೂ ನೆನಪಿರಲಿ. ಎಕ್ಸಾಸ್ಟ್ ಬ್ರೇಕ್ ಕೆಲಸ ಮಾಡದ ಗಾಡಿಗೆ ಒಂದು ಎಚ್.ಪಿ.ಯನ್ನೂ ಹೆಚ್ಚಿಸಬೇಡಿ.

ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಟರ್ಬೊ ಯೋಚನೆಯನ್ನು ಸದ್ಯಕ್ಕೆ ಬಿಟ್ಟಿದ್ದೇನೆ. ಇವತ್ತು ಹೌಸಿಂಗ್ ತೆರೆದು ಎಣಿಸಿದೆವು, 41ಕ್ಕೆ 7 ಇದೆ. ಎಂಜಿನ್, ಪಂಪು ಮಾಡಿಸಿ, ಆಮೇಲೂ ಸಾಲದೆಂದು ಕಂಡರೆ ಮಾತ್ರ ಅದನ್ನು ಬದಲಾಯಿಸುತ್ತೇನೆ. ಎಂಜಿನ್ ಆದ ಮೇಲೆ ಎಷ್ಟು ದಿನ ಹಗುರವಾಗಿ ಓಡಿಸಬೇಕು?

ಶಿವಮೊಗ್ಗದ ಎಂಜಿನ್ ಮೇಸ್ತ್ರಿಯವರು

ಮೊದಲ ಸಾವಿರದಿಂದ ಸಾವಿರದ ಐನೂರು ಕಿಲೋಮೀಟರಿನವರೆಗೆ ಅರ್ಧ ಹೇರು ಸಾಕು. ಆದರೆ ಖಾಲಿ ಗಾಡಿಯನ್ನು ಗಂಟೆಗಟ್ಟಲೆ ಐಡ್ಲಿಂಗಿನಲ್ಲಿ ನಿಲ್ಲಿಸುವುದು ಇನ್ನೂ ಕೆಟ್ಟದ್ದು. ರಿಂಗು ಕೂರಬೇಕಾದರೆ ಸ್ವಲ್ಪ ಭಾರ ಬೀಳಬೇಕು, ವೇಗ ಏರಿಳಿಯುತ್ತಿರಬೇಕು. ಸಾವಿರಕ್ಕೆ ಆಯಿಲ್ ಬದಲಾಯಿಸಿ, ಆಗಲೇ ಗಾಡಿ ತನ್ನಿ, ಟ್ಯಾಪೆಟ್ ನೋಡಿಕೊಡುತ್ತೇನೆ. ಬಿಚ್ಚುವ ಮೊದಲು ಒಂದು ಕೆಲಸ ಮಾಡಿ: ಪೂರ್ತಿ ಹೇರಿನಲ್ಲಿ ಹೊಸಂಗಡಿಯಿಂದ ಹುಲಿಕಲ್‌ವರೆಗೆ ಎಷ್ಟು ನಿಮಿಷವಾಯಿತೆಂದು ಗಡಿಯಾರ ನೋಡಿ ಬರೆದಿಡಿ. ಕೆಲಸ ಮುಗಿದ ಮೇಲೆ ಅದೇ ಹೇರಿನಲ್ಲಿ ಮತ್ತೆ ನೋಡಬಹುದು.

ಕೇಳಿದವರು

ಆಗಲಿ. ಗುರುವಾರ ಹೆಂಚಿನ ಲೋಡಿದೆ, ಅವತ್ತೇ ಬರೆದುಕೊಂಡು ಶುಕ್ರವಾರ ಗಾಡಿಯನ್ನು ನಿಮ್ಮಲ್ಲಿಗೆ ತರುತ್ತೇನೆ.