ಹತ್ತನೆಯ ತರಗತಿಯಲ್ಲಿ ಅಂಕ ನೋಡಿ ‘ಎ’, ‘ಬಿ’ ಮಾಡುವುದು ಸರಿಯೇ?

ಪೋಷಕಿ, ಹಾಸನ:
ಒಂಬತ್ತನೆಯ ತರಗತಿಯ ಅಂಕ ನೋಡಿ ನನ್ನ ಮಗನನ್ನು ಹತ್ತನೆಯ ‘ಬಿ’ ವಿಭಾಗಕ್ಕೆ ಹಾಕಿದ್ದಾರೆ. ಅವನಿಗೆ ಕಷ್ಟವಿರುವುದು ಗಣಿತ ಒಂದೇ. ಆದರೆ ‘ಬಿ’ಯಲ್ಲಿ ಎಲ್ಲ ವಿಷಯಕ್ಕೂ ಪಾಸಿಂಗ್ ಪ್ಯಾಕೇಜ್, ಅಂದರೆ ಪಾಸಾಗಲು ಸಾಕಾಗುವಷ್ಟು ಪ್ರಶ್ನೆಗಳ ಅಭ್ಯಾಸ ಮಾತ್ರ. ವಿಜ್ಞಾನದ ನೋಟ್ಸ್ ತೆರೆದರೆ ಪುಟಗಟ್ಟಲೆ ಹೃದಯದ ಚಿತ್ರ. ರಕ್ತ ಎಲ್ಲಿಂದ ಎಲ್ಲಿಗೆ ಹರಿಯುತ್ತದೆ ಎಂಬ ಒಂದು ಸಾಲೂ ಇಲ್ಲ.

ಗಣಿತ ಶಿಕ್ಷಕ, ತುಮಕೂರು:
ಮೇಡಂ, ನಮ್ಮ ಕಷ್ಟವನ್ನೂ ಕೇಳಿ. ಭಾಗಾಕಾರ ಬಾರದವರೂ ವರ್ಗ ಸಮೀಕರಣಕ್ಕೆ ಕಾದಿರುವವರೂ ಒಂದೇ ಕೊಠಡಿಯಲ್ಲಿದ್ದರೆ ಇಬ್ಬರಿಗೂ ಅನ್ಯಾಯ. 2023ರಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ 83.89 ಇತ್ತು. 2024ರಲ್ಲಿ ವೆಬ್‌ಕಾಸ್ಟಿಂಗ್, ಅಂದರೆ ಪರೀಕ್ಷಾ ಕೊಠಡಿಗಳ ಮೇಲೆ ಕ್ಯಾಮೆರಾ ನಿಗಾ ಬಂತು. ಕೃಪಾಂಕವನ್ನು ಶೇ 20ಕ್ಕೆ ಏರಿಸಿಯೂ ಶೇ 73.40 ದಾಟಲಿಲ್ಲ. ಫಲಿತಾಂಶ ಕುಸಿದರೆ ನೋಟಿಸ್ ಬರುವುದು ನಮಗೆ. ಫೇಲಾದ ಎಷ್ಟೋ ಹೆಣ್ಣುಮಕ್ಕಳಿಗೆ ಮನೆಯಲ್ಲಿ ಮದುವೆಯ ಮಾತು ಶುರುವಾಗುತ್ತದೆ. ಪ್ಯಾಕೇಜ್ ಅವರನ್ನು ದಡ ಸೇರಿಸುತ್ತದೆ.

ಹಳೆಯ ವಿದ್ಯಾರ್ಥಿನಿ, ರಾಯಚೂರು:
ನಾನು ‘ಬಿ’ಯಲ್ಲಿದ್ದವಳು. ‘ನಿಮಗೆ ಇದು ಬೇಡ’ ಎಂದು ತ್ರಿಕೋನಮಿತಿಯನ್ನೇ ಬಿಟ್ಟರು. ಪಾಸಾದೆ. ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡೆ; ಭೌತಶಾಸ್ತ್ರದ ಆರಂಭದಲ್ಲೇ ಸೈನ್, ಕಾಸ್ ಎದುರಾದವು. ಕೊನೆಗೆ ಕಲಾ ವಿಭಾಗಕ್ಕೆ ಬದಲಾಯಿಸಿಕೊಂಡೆ. ಯಾವ ದಡ, ಸರ್?

ನಿವೃತ್ತ ಮುಖ್ಯೋಪಾಧ್ಯಾಯ, ಮೈಸೂರು:
ಗುಂಪು ಮಾಡುವುದೇ ತಪ್ಪೆಂದು ನಾನು ಹೇಳಲಾರೆ. ನಮ್ಮ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಶುರುವಾದ ನಲಿ-ಕಲಿ ಎಂಬ, ಚಿಕ್ಕ ಮಕ್ಕಳು ಚಟುವಟಿಕೆ ಕಾರ್ಡುಗಳಿಂದ ಕಲಿಯುವ ಪದ್ಧತಿಯಲ್ಲೂ ಗುಂಪುಗಳಿವೆ, ಅವನ್ನು ‘ತಟ್ಟೆ’ ಎನ್ನುತ್ತಾರೆ. ಶಿಕ್ಷಕರ ಬೆಂಬಲದ ತಟ್ಟೆಯಲ್ಲಿ ಕುಳಿತ ಮಗು ಆ ಕಾರ್ಡಿನ ಚಟುವಟಿಕೆ ಕಲಿತ ಮೇಲೆ ಎದ್ದು ಸಹಪಾಠಿಗಳ ತಟ್ಟೆಗೋ ಸ್ವಕಲಿಕೆಯ ತಟ್ಟೆಗೋ ಹೋಗುತ್ತದೆ. ‘ಬಿ’ಯಿಂದ ‘ಎ’ಗೆ ಮರಳಿದ ಹುಡುಗನನ್ನು ಯಾರಾದರೂ ನೋಡಿದ್ದೀರಾ? ಸಿಂಗಪುರವೂ ದಶಕಗಳ ಕಾಲ ಪ್ರೌಢಶಾಲೆಯ ಮಕ್ಕಳನ್ನು ಎಕ್ಸ್‌ಪ್ರೆಸ್, ನಾರ್ಮಲ್ ಎಂದು ವಿಂಗಡಿಸುತ್ತಿತ್ತು. 2024ರಿಂದ ಹೊಸದಾಗಿ ಸೇರುವವರಿಗೆ ಅದನ್ನು ಕೈಬಿಟ್ಟಿದೆ; ಈಗ ಮಟ್ಟ ನಿರ್ಧಾರವಾಗುವುದು ವಿಷಯವಾರು.

ಗಣಿತ ಶಿಕ್ಷಕ, ತುಮಕೂರು:
ಅದಕ್ಕೆ ಶಿಕ್ಷಕರು ಬೇಕು ಸರ್, ನಮ್ಮಲ್ಲಿ ಗಣಿತಕ್ಕೆ ನಾನೊಬ್ಬನೇ. ಆದರೆ ಗಣಿತದ ಅವಧಿಗೆ ಮಾತ್ರ ಬೇರೆ ಕೂರಿಸುವಂತೆ ವೇಳಾಪಟ್ಟಿ ಹೊಂದಿಸಬಹುದು, ಅದನ್ನು ಒಪ್ಪುತ್ತೇನೆ. ವಿಜ್ಞಾನದಲ್ಲಿ ಪಾಠವನ್ನೇ ಬಿಡುವುದನ್ನು ನಾನೂ ಸಮರ್ಥಿಸುವುದಿಲ್ಲ. 2024ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆಗಳು ಬಂದವು; ಮೊದಲನೆಯದರಲ್ಲೇ ಎಲ್ಲರೂ ಪಾಸಾಗಬೇಕೆಂಬ ಮೇಲಿನವರ ಒತ್ತಡ ಮಾತ್ರ ಇಳಿದಿಲ್ಲ.

ಪೋಷಕಿ, ಹಾಸನ:
ಸೋಮವಾರ ಪೋಷಕರ ಸಭೆಯಿದೆ. ಗಣಿತಕ್ಕೆ ಮಾತ್ರ ಬೇರೆ ಕೂರಿಸಿ, ಅರ್ಧವಾರ್ಷಿಕ ಪರೀಕ್ಷೆಯ ನಂತರ ಮತ್ತೆ ಪರಿಶೀಲಿಸಿ, ಉಳಿದ ಪಾಠಗಳನ್ನು ಪೂರ್ತಿ ಮಾಡಿ ಎಂದು ಬರೆದುಕೊಡುತ್ತೇನೆ. ‘ಬಿ’ಯ ಇತರ ತಾಯಂದಿರ ಸಹಿಯನ್ನೂ ಹಾಕಿಸುತ್ತೇನೆ.