ಕಾಲೇಜಿನ ಮೇಲ್ ಸರ್ವರ್ ಬದಲಿಸುವಾಗ ಮೇಲ್‌ಬಾಕ್ಸ್‌ಗಳನ್ನು ಸಾಗಿಸುವುದು ಹೇಗೆ?

ಪ್ರಶ್ನೆ: ನಮ್ಮ ಕಾಲೇಜಿನ ಮೇಲ್ ಸರ್ವರ್ ಹಳೆಯದಾಗಿದ್ದು, ಹೊಸ ಯಂತ್ರದಲ್ಲಿಯೂ ಪತ್ರಗಳನ್ನು ಕಾಪಿಟ್ಟು ಬಳಕೆದಾರರಿಗೆ ಒದಗಿಸುವ ಡವ್‌ಕಾಟ್ ತಂತ್ರಾಂಶವನ್ನೇ ನಡೆಸಬೇಕೆಂದಿದ್ದೇವೆ. ಅಧ್ಯಾಪಕರಲ್ಲಿ ಕೆಲವರು ಪಾಪ್ ಮೂಲಕ ಪತ್ರಗಳನ್ನು ಇಳಿಸಿಕೊಳ್ಳುತ್ತಾರೆ, ಉಳಿದವರು ಪತ್ರಗಳನ್ನು ಸರ್ವರಿನಲ್ಲೇ ಇರಿಸುವ ಐಮ್ಯಾಪ್ ಮೂಲಕ ಫೋನಿನಲ್ಲೂ ಮನೆಯ ಕಂಪ್ಯೂಟರಿನಲ್ಲೂ ಓದುತ್ತಾರೆ. ಸರ್ವರಿನಲ್ಲಿ ಪತ್ರಗಳಿರುವ ಮೇಲ್‌ಡಿರ್ ಎಂಬ ವಿನ್ಯಾಸದ ಫೋಲ್ಡರುಗಳನ್ನು ಹಾಗೆಯೇ ನಕಲು ಮಾಡಿದರೆ ಸಾಕೇ? ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ 1: ನಕಲು ಮಾಡಿದರೆ ಪತ್ರಗಳೇನೋ ಬರುತ್ತವೆ ಸರ್, ಆದರೆ ಅವುಗಳ ಗುರುತೂ ಜೊತೆಗೆ ಬಂದಿದೆಯೇ ಎಂಬುದನ್ನು ನೋಡಬೇಕು. ಮೇಲ್‌ಡಿರ್‌ನಲ್ಲಿ ಒಂದೊಂದು ಪತ್ರವೂ ಒಂದೊಂದು ಕಡತ. ಓದಿದ್ದು, ಉತ್ತರಿಸಿದ್ದು, ನಕ್ಷತ್ರ ಹಾಕಿದ್ದು ಎಂಬ ಗುರುತುಗಳು ಆ ಕಡತದ ಹೆಸರಿನ ಕೊನೆಯಲ್ಲಿಯೇ ಎಸ್, ಆರ್, ಎಫ್ ಎಂಬ ಅಕ್ಷರಗಳಾಗಿ ಇರುವುದರಿಂದ, ಹೆಸರು ಕೆಡದಂತೆ ನಕಲಾದರೆ ಅವು ಉಳಿಯುತ್ತವೆ. ಐಮ್ಯಾಪ್‌ಗೆ ಅಷ್ಟು ಸಾಲದು. ಪ್ರತಿ ಪತ್ರಕ್ಕೂ ಯುಐಡಿ ಎಂಬ ಸಂಖ್ಯೆಯನ್ನೂ ಪ್ರತಿ ಫೋಲ್ಡರಿಗೂ ಯುಐಡಿ ವ್ಯಾಲಿಡಿಟಿ ಎಂಬ ಇನ್ನೊಂದು ಸಂಖ್ಯೆಯನ್ನೂ ಸರ್ವರ್ ಕೊಟ್ಟಿರುತ್ತದೆ. ಎರಡನೆಯದು ಬದಲಾಯಿತೆಂದರೆ ಫೋನು ತಾನು ಹಿಂದೆ ಇಳಿಸಿಕೊಂಡಿದ್ದನ್ನೆಲ್ಲ ಬದಿಗಿಟ್ಟು, ಇಡೀ ಫೋಲ್ಡರನ್ನು ಮೊದಲಿನಿಂದ ಇಳಿಸಿಕೊಳ್ಳಲು ತೊಡಗುತ್ತದೆ. ಪಾಪ್ ಬಳಸುವವರ ಪಾಡು ಇನ್ನೂ ಕಷ್ಟ: ಡವ್‌ಕಾಟ್ ಸಾಮಾನ್ಯವಾಗಿ ಇದೇ ಎರಡು ಸಂಖ್ಯೆಗಳಿಂದ ಯಾವ ಪತ್ರ ಇಳಿಸಿಯಾಗಿದೆ ಎಂದು ತಿಳಿಸುವ ಪಾಪ್‌ನ ಗುರುತನ್ನೂ ಕಟ್ಟುವುದರಿಂದ, ಅವು ಬದಲಾದರೆ ಸರ್ವರಿನಲ್ಲಿ ಪತ್ರಗಳ ಪ್ರತಿಯನ್ನು ಉಳಿಸಿಕೊಂಡವರಿಗೆ ಹಳೆಯ ಪತ್ರಗಳೆಲ್ಲ ಹೊಸದಾಗಿ ಬಂದಂತೆ ಎರಡೆರಡಾಗಿ ಬಂದು ಬೀಳುತ್ತವೆ.

ಈ ಸಂಖ್ಯೆಗಳು ಪ್ರತಿ ಫೋಲ್ಡರಿನೊಳಗಿನ ‘ಡವ್‌ಕಾಟ್-ಯುಐಡಿಲಿಸ್ಟ್’ ಎಂಬ ಕಡತದಲ್ಲಿರುತ್ತವೆ. ಅನಗತ್ಯವೆಂದು ಅದನ್ನು ಬಿಟ್ಟು ನಕಲು ಮಾಡಬೇಡಿ. ಪತ್ರಗಳನ್ನು ಬೇಗ ತೋರಿಸಲೆಂದು ಡವ್‌ಕಾಟ್ ಇಟ್ಟುಕೊಳ್ಳುವ ಇಂಡೆಕ್ಸ್ ಕ್ಯಾಶ್ ಕಡತ ಹೋದರೆ ಚಿಂತೆಯಿಲ್ಲ, ಡವ್‌ಕಾಟ್ ಅದನ್ನು ಮತ್ತೆ ಕಟ್ಟಿಕೊಳ್ಳುತ್ತದೆ. ನೀವು ಮೇಲ್‌ಡಿರ್ ಬದಲು ಹಲವು ಪತ್ರಗಳನ್ನು ಒಂದೇ ಕಡತದಲ್ಲಿಡುವ ಎಂಡಿಬಾಕ್ಸ್ ಬಳಸುತ್ತಿದ್ದರೆ ಮಾತ್ರ ಇಂಡೆಕ್ಸ್ ಮುಟ್ಟಲೇಬಾರದು, ಏಕೆಂದರೆ ಅಲ್ಲಿ ಓದಿದ-ಓದದ ಗುರುತುಗಳು ಇರುವುದೇ ಇಂಡೆಕ್ಸಿನಲ್ಲಿ.

ನನ್ನ ಸಲಹೆಯೆಂದರೆ ಡವ್‌ಕಾಟ್‌ನದೇ ಆದ ‘ಡವ್‌ಅಡ್ಮ್ ಬ್ಯಾಕಪ್’ ಆದೇಶವನ್ನೇ ಬಳಸಿ. ಅದು ಸಂಖ್ಯೆಗಳನ್ನು ಉಳಿಸಿಕೊಂಡೇ ಸಾಗಿಸುತ್ತದೆ. ಹಳೆಯ ಸರ್ವರ್ ನಡೆಯುತ್ತಿರುವಾಗಲೇ ಒಮ್ಮೆ ಓಡಿಸಿ, ಬಳಿಕ ರಜಾದಿನದಂದು ಪತ್ರ ಸ್ವೀಕಾರ ನಿಲ್ಲಿಸಿ ಮತ್ತೊಮ್ಮೆ ಓಡಿಸಿದರೆ ನಡುವೆ ಬಂದ ಪತ್ರಗಳಷ್ಟೇ ಸಾಗುತ್ತವೆ. ಆ ಅವಧಿಯಲ್ಲಿ ಹೊರಗಿನಿಂದ ಬರುವ ಪತ್ರಗಳು ಕಳೆದುಹೋಗುತ್ತವೆಂಬ ಭಯ ಬೇಡ, ಕಳುಹಿಸುವ ಸರ್ವರುಗಳು ಅವುಗಳನ್ನು ಸರದಿಯಲ್ಲಿಟ್ಟು ಮತ್ತೆ ಮತ್ತೆ ಪ್ರಯತ್ನಿಸುತ್ತವೆ.

ಉತ್ತರ 2: ಮೇಲಿನ ಮಾತಿಗೆ ನನ್ನದೂ ಒಪ್ಪಿಗೆ. ಐಮ್ಯಾಪ್ ಮೂಲಕ ಒಂದು ಸರ್ವರಿನಿಂದ ಇನ್ನೊಂದಕ್ಕೆ ಪತ್ರಗಳನ್ನು ನಕಲಿಸುವ ‘ಐಮ್ಯಾಪ್‌ಸಿಂಕ್’ ಕೂಡ ಒಳ್ಳೆಯ ಸಾಧನವೇ, ಆದರೆ ಅದರಲ್ಲಿ ಪತ್ರಗಳಿಗೆ ಹೊಸ ಸಂಖ್ಯೆ ಬೀಳುತ್ತದೆ. ಬೇರೆ ತಂತ್ರಾಂಶದಿಂದ ಬರುವವರಿಗೆ ಅದು ಸರಿ. ಇನ್ನೊಂದು ವಿಷಯ, ಹೊಸ ಯಂತ್ರದಲ್ಲಿ 2025ರಲ್ಲಿ ಬಂದ ಡವ್‌ಕಾಟ್ 2.4 ಆವೃತ್ತಿ ಹಾಕುವುದಾದರೆ 2.3ರ ಸಂರಚನಾ ಕಡತ ಹಾಗೆಯೇ ನಡೆಯುವುದಿಲ್ಲ, ಮೊದಲೇ ಹೊಸದಾಗಿ ಬರೆದು ಪರೀಕ್ಷಿಸಿ.

ನಮ್ಮ ಕಚೇರಿಯಲ್ಲಿ ತೊಂದರೆ ಕೊಟ್ಟದ್ದು ಹಲವರು ಸೇರಿ ತೆರೆಯುವ ಲೆಕ್ಕಪತ್ರ ವಿಭಾಗದ ಮೇಲ್‌ಬಾಕ್ಸ್. ಒಂದೇ ಐಪಿ ವಿಳಾಸದಿಂದ ಒಬ್ಬ ಬಳಕೆದಾರನಿಗೆ ಡವ್‌ಕಾಟ್ ಬಿಡುವುದು ಸಾಮಾನ್ಯವಾಗಿ 10 ಸಂಪರ್ಕಗಳನ್ನು. ಪತ್ರ ಓದುವ ತಂತ್ರಾಂಶವಾದ ಥಂಡರ್‌ಬರ್ಡ್ ಒಂದೇ ಖಾತೆಗೆ 5 ಸಂಪರ್ಕಗಳವರೆಗೆ ತೆರೆಯುವುದರಿಂದ, ಒಂದೇ ರೂಟರಿನ ಹಿಂದಿರುವ ಮೂರನೆಯ ಕಂಪ್ಯೂಟರಿಗೆ ಪ್ರವೇಶವೇ ಸಿಗಲಿಲ್ಲ. ಪಾಸ್‌ವರ್ಡ್ ತಪ್ಪಿದೆಯೆಂದು ಎಲ್ಲರೂ ಅದನ್ನೇ ಬದಲಿಸುತ್ತ ಕುಳಿತಿದ್ದರು, ಲಾಗ್ ಕಡತದಲ್ಲಿ ಕಾರಣ ಸ್ಪಷ್ಟವಾಗಿ ಬರೆದಿತ್ತು. ಮಿತಿಯನ್ನು ಹೆಚ್ಚಿಸಿದೊಡನೆ ಸರಿಹೋಯಿತು.

ಉತ್ತರ 3: ಅಧ್ಯಾಪಕರು ಕನ್ನಡದಲ್ಲಿ ಹೆಸರಿಟ್ಟ ಫೋಲ್ಡರುಗಳಿದ್ದರೆ ಗಮನಿಸಿ. ‘ಪರೀಕ್ಷೆ’ ಎಂಬ ಫೋಲ್ಡರು ಹಳೆಯ ಸರ್ವರಿನ ಡಿಸ್ಕಿನಲ್ಲಿ ಚುಕ್ಕಿ, ಆ್ಯಂಪರ್ಸ್ಯಾಂಡ್ ಚಿಹ್ನೆ, ಅದರ ಮುಂದೆ ಅರ್ಥವಾಗದ ರೋಮನ್ ಅಕ್ಷರಗಳ ಸಾಲಾಗಿ ಕಾಣುತ್ತದೆ. ಅದು ಐಮ್ಯಾಪ್‌ನ ಹಳೆಯ ಸಂಕೇತಪದ್ಧತಿ, ಕಸವೆಂದು ಅಳಿಸಬೇಡಿ. ಸಾಗಿಸಿದ ಮೇಲೆ ಅಂಥ ಒಂದು ಫೋಲ್ಡರನ್ನು ಫೋನಿನಿಂದ ತೆರೆದು, ಹೆಸರು ಕನ್ನಡದಲ್ಲಿಯೇ ಬಂದಿದೆಯೇ, ಓದದ ಪತ್ರಗಳ ಸಂಖ್ಯೆ ಹಳೆಯ ಸರ್ವರಿನಲ್ಲಿದ್ದಷ್ಟೇ ಇದೆಯೇ ಎಂದು ನೋಡಿದ ಬಳಿಕವೇ ಹಳೆಯ ಯಂತ್ರವನ್ನು ನಿಲ್ಲಿಸಿ.